ಎಂಟು ಟರ್ಮಿನಲ್‌ಗಳ ಪರೀಕ್ಷೆ

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅರಿಶಿನಕುಂಟೆ ಹತ್ತಿರ, ಹೆದ್ದಾರಿ ಪಕ್ಕದ ಒಂದು ಸಂಶೋಧನಾ ಕೇಂದ್ರದಲ್ಲಿ ನನಗೆ ಕೆಲಸ. ಖಾಯಂ ಆಗಿರಲಿಲ್ಲ. ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರು ನಿರ್ದೇಶಕರು. ಕೇಂದ್ರಕ್ಕೆ ಮೊದಲ ಕಂಪ್ಯೂಟರ್ ಆರಿಸುವ ಸಮಿತಿಗೆ ನನ್ನನ್ನೂ ಸೇರಿಸಿದ್ದರು. ವರದಿ ಬರೆಯಲು ಒಬ್ಬ ಕಿರಿಯ ಬೇಕಿತ್ತು.

ಆಯ್ಕೆಗೆ ಎರಡು ಯಂತ್ರಗಳಿದ್ದವು. ಮೊದಲನೆಯದು ತಕ್ಷಣ ಸಿಗುತ್ತಿತ್ತು. ಮೆಮೊರಿ ಕಡಿಮೆ, ಡಿಸ್ಕ್ ಒಂದೇ. ಮೆಮೊರಿಯಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುವುದು ಅದರ ಉಪಾಯ. ‘ಎಂಟು ಜನ ಕೂತ್ರೂ ಒಬ್ಬೊಬ್ರಿಗೂ ಇಡೀ ಮಷೀನ್ ನಂದೇ ಅನ್ಸುತ್ತೆ ಸಾರ್’ ಎಂದಿದ್ದ ಮಾರಾಟದವನು. ಎರಡನೆಯದಕ್ಕೆ ಮೆಮೊರಿ ದುಪ್ಪಟ್ಟು, ಡಿಸ್ಕ್ ಎರಡು. ಆದರೆ ಬರಲು ಒಂದು ವರ್ಷ. ಆಮದು ಪರವಾನಗಿ ಒಂದೇ ಸಲ. ತಪ್ಪು ಆರಿಸಿದರೆ ಅದರೊಂದಿಗೇ ಬಾಳಬೇಕು.

ಶುಕ್ರವಾರ ಮೊದಲ ಯಂತ್ರವನ್ನು ತಂದು ತೋರಿಸಿದರು. ಅದೊಂದಕ್ಕೇ ಜೋಡಿಸಿದ, ಪರದೆ ಮತ್ತು ಕೀಲಿಮಣೆಯ ಎಂಟು ಟರ್ಮಿನಲ್, ಎಂಟು ಜನ. ಒಂದನೆಯದರಲ್ಲಿ ನಿರ್ದೇಶಕರು ಕೂತರು. ಅವರು ಲೆಕ್ಕ ಕೊಟ್ಟು ಕೀಲಿ ಒತ್ತಿ ಉತ್ತರ ಬರುವವರೆಗೆ ಮಿಕ್ಕವರು ಕೈ ಮಡಿಲಲ್ಲಿಟ್ಟುಕೊಂಡಿದ್ದರು. ಆಮೇಲೆ ಉಪನಿರ್ದೇಶಕರು. ಆಮೇಲೆ ವಯಸ್ಸಿನಲ್ಲಿ ಅವರ ನಂತರದವರು. ಕೊನೆಗೆ ನಾನು. ಪ್ರತಿಯೊಬ್ಬರಿಗೂ ಉತ್ತರ ಕ್ಷಣದಲ್ಲಿ ಬಂತು. ‘ಭೇಷ್’ ಎಂದರು ನಿರ್ದೇಶಕರು. ಸೋಮವಾರ ವರದಿಗೆ ನಾವೆಲ್ಲ ಸಹಿ ಹಾಕುವುದೆಂದಾಯಿತು.

ಭಾನುವಾರ ದೊಡ್ಡಬಳ್ಳಾಪುರದಲ್ಲಿ ಚಿಕ್ಕಪ್ಪನ ಮಗ್ಗದ ಮನೆಯಲ್ಲಿದ್ದೆ. ಒಂದೇ ಮೋಟರಿಗೆ ಬೆಲ್ಟ್ ಕಟ್ಟಿ ಆರು ಮಗ್ಗ ಓಡಿಸುತ್ತಿದ್ದರು. ಹೋದ ಕರೆಂಟು ಬಂದಾಗ ಚಿಕ್ಕಪ್ಪ ಕೂಗಿದರು: ‘ಒಂದೊಂದಾಗಿ ಬಿಡ್ರೋ! ಎಲ್ಲಾ ಒಟ್ಗೆ ಬಿಟ್ರೆ ಬೆಲ್ಟ್ ಕಿತ್ಕೊಂಡ್ ಬರ್ತದೆ!’

ಆಗ ನನಗೆ ಹೊಳೆಯಿತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಕತೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ಅನುಮಾನ. ನಮ್ಮಲ್ಲಿ ಯಾರೂ ಒಟ್ಟಿಗೆ ಕೀಲಿ ಒತ್ತಿರಲಿಲ್ಲ, ಅದು ಪರೀಕ್ಷೆಯೇ ಅಲ್ಲ ಎಂಬುದು ನನಗೆ ಶುಕ್ರವಾರವೇ ಗೊತ್ತಿತ್ತೇನೋ. ಗೊತ್ತಿದ್ದೂ ಖಾಯಂ ಕಾಗದ ನೆನೆದು ಸುಮ್ಮನಿದ್ದೆನೇನೋ. ಭಾನುವಾರ ಹೊಳೆಯಿತು ಎಂದರೆ ಎರಡು ದಿನದ ಮೌನಕ್ಕೆ ನೆಪ ಸಿಗುತ್ತದೆ.

ಸೋಮವಾರ ಎಲ್ಲರೂ ಸೇರಿದ್ದ ನಿರ್ದೇಶಕರ ಕೋಣೆಯಲ್ಲಿ ವರದಿ ಹಿಡಿದು ನಿಂತೆ. ಪಕ್ಕದ ಸಹೋದ್ಯೋಗಿಗೆ ಮೆಲ್ಲಗೆ ವಿಷಯ ಹೇಳಿದೆ.

‘ಏನ್ ಗುರು, ಖಾಯಂ ಆಗೋದ್ ಬೇಡ್ವಾ? ಬಾಯ್ ಮುಚ್ಕೊಂಡ್ ಸಹಿ ಹಾಕು’ ಎಂದ.

ನಿರ್ದೇಶಕರತ್ತ ತಿರುಗಿ ‘ಸಾರ್, ಇನ್ನೊಂದ್ ಸಲ ಪರೀಕ್ಷೆ ಮಾಡ್ಬೇಕು’ ಎಂದುಬಿಟ್ಟೆ.

‘ಯಾಕ್ರೀ? ಕಣ್ಣಾರೆ ನೋಡಿಲ್ವಾ?’

‘ಎಂಟೂ ಜನ ಒಟ್ಟಿಗೆ ಒತ್ತಲಿಲ್ಲ ಸಾರ್.’

‘ಒತ್ತಬೇಡಿ ಅಂತ ಯಾರಂದ್ರು?’

‘ತಾವು ಮುಗಿಸೋವರ್ಗೂ ಯಾರೂ ಕೈ ಹಾಕಲ್ಲ ಸಾರ್’ ಎಂದೆ.

ಅವರ ಕಿವಿ ಕೆಂಪಾಯಿತು. ಎದ್ದು ಟರ್ಮಿನಲ್ ಕೋಣೆಗೆ ನಡೆದರು, ನಾವೂ ಹಿಂದೆ. ಎಲ್ಲರೂ ಕೂತೆವು. ‘ನಾನು ಮೂರು ಅಂದ ತಕ್ಷಣ ಎಲ್ರೂ ಒತ್ತಿ. ಒಂದು, ಎರಡು, ಮೂರು.’ ಅವರ ಕೀಲಿಯ ಸದ್ದೊಂದೇ ಕೇಳಿತು. ಮತ್ತೊಮ್ಮೆ ಎಣಿಸಿದರು. ಆಗಲೂ ಅವರದೊಂದೇ. ನನ್ನ ಬೆರಳೂ ಕದಲಿರಲಿಲ್ಲ.

‘ಥೂ ನಿಮ್ಮ!’ ಎಂದು ಎದ್ದರು. ಯಂತ್ರ ವಾಪಸು ಒಯ್ಯಲು ಬಂದಿದ್ದ ಮಾರಾಟದವನನ್ನೇ ತಮ್ಮ ಕುರ್ಚಿಯಲ್ಲಿ ಕೂರಿಸಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಆಚೆಯಿಂದ ಎಣಿಸಿದರು. ಈ ಸಲ ಎಂಟೂ ಕೀಲಿಗಳು ಬಡಿದವು.

ಡಿಸ್ಕಿನ ಪೆಟ್ಟಿಗೆ ನಡುಗತೊಡಗಿತು. ಪರದೆಗಳಲ್ಲಿ ಏನೂ ಇಲ್ಲ. ಡಿಸ್ಕಿಗೆ ಸಾಗಿಸುವುದು, ವಾಪಸು ತರುವುದು, ಮತ್ತೆ ಸಾಗಿಸುವುದು. ಲೆಕ್ಕ ಮಾಡಲು ಯಂತ್ರಕ್ಕೆ ಪುರುಸೊತ್ತೇ ಇಲ್ಲ.

‘ಬಂತೇನ್ರೀ?’ ಹೊರಗಿನಿಂದ ದನಿ.

‘ಸ್ವಲ್ಪ ಟೈಮ್ ಕೊಡಿ ಸಾರ್’ ಎಂದ ಮಾರಾಟದವನು.

ನಿಮಿಷಗಳು ಕಳೆದವು. ‘ಬಂತೇನ್ರೀ?’

ಎಲ್ಲರೂ ನನ್ನನ್ನೇ ನೋಡಿದರು. ‘ಇಲ್ಲ ಸಾರ್’ ಎಂದೆ.

ನಿರ್ದೇಶಕರು ಒಳಗೆ ಬಂದು ವರದಿ ಕಿತ್ತುಕೊಂಡು, ಮೊದಲ ಯಂತ್ರದ ಹೆಸರು ಹೊಡೆದುಹಾಕಿ ಎರಡನೆಯದನ್ನು ಬರೆದರು. ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು: ‘ನೀವಿನ್ನೂ ಖಾಯಂ ಆಗಿಲ್ಲ ಅಲ್ವಾ?’

‘ಇಲ್ಲ ಸಾರ್.’

‘ಹೂಂ’ ಎಂದು ಹೊರಟುಹೋದರು.

ಯಂತ್ರ ಹೇಳಿದಂತೆ ಒಂದು ವರ್ಷಕ್ಕೆ ಬಂತು. ನನ್ನ ಖಾಯಂ ಕಾಗದ ಅದಕ್ಕೂ ತಡವಾಗಿ ಬಂತು.