ಸೊರಬಕ್ಕೆ ಒಯ್ದ ಆಲೂಗಡ್ಡೆ

ಕಳೆದ ಭಾನುವಾರ ಸೊರಬದ ಬಸ್ಸಿನಲ್ಲಿ ಎರಡು ಸೇರು ಆಲೂಗಡ್ಡೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸಂತೆಯಲ್ಲಿ ಕೊಂಡ ಗಡ್ಡೆ. ಆದರೆ ಹಿತ್ತಲಿನ ಮಣ್ಣನ್ನು ಒದ್ದೆ ಮಾಡಿ ಒಂದೊಂದಕ್ಕೂ ಕೈಯಾರೆ ಮೆತ್ತಿದ್ದೆ. ಯಾಕೆ ಅಂತೀರಾ? ಮನೆಯಲ್ಲೇ ಬೆಳೆದದ್ದು ಎಂದು ತೋರಿಸಲಿಕ್ಕೆ!

ನಗಬೇಡಿ. ಮೊದಲು ಪೂರ್ತಿ ಕೇಳಿ.

ಇಮಾಮ್ ಸಾಹೇಬರು ದರ್ಜಿ. ಒಂಬತ್ತು ವರ್ಷ ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು. ನನ್ನ ಒಂದೇ ಕೋಟಿಗೆ ಮೂರು ಸಲ ತೋಳು ಬದಲಾಯಿಸಿ ಮೂರು ಇನ್‌ಸ್ಪೆಕ್ಷನ್ ದಾಟಿಸಿದವರು. (ಮೇಷ್ಟ್ರ ಕೋಟು ನೋಡಿಯೇ ಪಾಠ ಅಳೆಯುವ ಇನ್‌ಸ್ಪೆಕ್ಟರುಗಳಿದ್ದಾರೆ.) ಎರಡು ವರ್ಷದ ಹಿಂದೆ ಸೊರಬಕ್ಕೆ ಹೋಗಿ ಅಂಗಡಿ ಹಾಕಿದರು. ಈ ಸಲ ದೀಪಾವಳಿ ಹೊತ್ತಿಗೆ ಹಾಸನದ ಕಡೆಯ ನೆಂಟರೊಬ್ಬರು ನನಗೊಂದು ಬುಟ್ಟಿ ಬೀಜದ ಆಲೂಗಡ್ಡೆ ತಂದುಕೊಟ್ಟರು. ಅರ್ಧ ಸಾಹೇಬರಿಗೆ ಕಳಿಸಿದೆ. ಯಾರ ಹಿತ್ತಲು ಮೇಲೋ ನೋಡೇಬಿಡೋಣ ಎಂದು ಪಂಥ. ವಾರಕ್ಕೊಂದು ಪೋಸ್ಟ್‌ಕಾರ್ಡಿನಲ್ಲಿ ರಿಪೋರ್ಟು.

ನನಗೆ ಕಾಯುವುದು ಬರುವುದಿಲ್ಲ. ಅನ್ನ ಬೇಯುವ ಮುಂಚೆ ಮೂರು ಸಲ ಮುಚ್ಚಳ ತೆಗೆದು ನೋಡುವ ಜಾತಿ. ಬದನೆಯಾದರೆ ಕಾಯಿ ಕಣ್ಣಿಗೆ ಕಾಣುತ್ತದೆ. ಈ ಆಲೂಗಡ್ಡೆ ಮಣ್ಣಿನೊಳಗೆ ಏನು ಮಾಡುತ್ತಿದೆಯೆಂದು ತಿಳಿಯುವುದು ಹೇಗೆ? ತಿಂಗಳಾಗುತ್ತಲೇ ಒಂದು ಬುಡ ಕೆದರಿದೆ. ಬರೀ ಬೇರು. ಮುಚ್ಚಿದೆ. ನಾಲ್ಕು ದಿನ ಬಿಟ್ಟು ಪಕ್ಕದ್ದು. ಆಮೇಲೆ ದಿನಕ್ಕೊಂದು. ಸ್ಕೂಲಿನಿಂದ ಬಂದವನು ಕೋಟು ಕಳಚುವ ಮೊದಲೇ ಹಿತ್ತಲಿಗೆ.

“ಅದನ್ನ ಅದರ ಪಾಡಿಗೆ ಬಿಡ್ರೀ,” ಎಂದಳು ನನ್ನ ಹೆಂಡತಿ ಸರಸ್ವತಿ. “ದಿನಾ ಹಿಂಗ್ ಕೆದರಿದ್ರೆ ಅದಾದ್ರೂ ಏನ್ ಮಾಡ್ಬೇಕು?”

ಗಿಡಗಳು ಹಳದಿಯಾದವು, ಜೋತುಬಿದ್ದವು. ಆದರೆ ಕಾರ್ಡಿನಲ್ಲಿ? ‘ಗಿಡ ಮೊಣಕಾಲು ಮುಟ್ಟಿದೆ.’ ಮುಂದಿನ ವಾರ, ‘ಹೂವು ಬಂದಿದೆ, ಬುಡದ ಮಣ್ಣು ಬಿರಿಯುತ್ತಿದೆ.’ ಸಾಹೇಬರು ಬರೆದರು, ‘ನಮ್ಮದು ಇನ್ನೂ ಗೇಣುದ್ದ, ಏನು ಮಾಡಲಿ?’ ಓದಿ ನನಗೆ ಖುಷಿಯಾಯಿತು. ಸುಳ್ಳು ಹೇಳಿ ಗೆದ್ದರೂ ಖುಷಿಯಾಗುತ್ತದಲ್ಲ, ಅದೆಂಥದೋ!

ಕಿತ್ತ ದಿನ ಸಿಕ್ಕಿದ್ದು ಹನ್ನೊಂದು ಗಡ್ಡೆ. ದೊಡ್ಡದು ನೆಲ್ಲಿಕಾಯಿ ಗಾತ್ರ.

“ಸಿಪ್ಪೆ ತೆಗೆದ್ರೆ ಒಳಗೇನೂ ಉಳಿಯಂಗಿಲ್ಲ,” ಎಂದಳು ಸರಸ್ವತಿ.

ಅದೇ ವಾರ ಸಾಹೇಬರ ಕಾರ್ಡು. ‘ನಮ್ಮದೂ ಕಿತ್ತಾಯಿತು. ಭಾನುವಾರ ನಿಮ್ಮದು ತನ್ನಿ, ಪಕ್ಕಪಕ್ಕ ಇಟ್ಟು ನೋಡೋಣ.’

ಹೋಗದೆ ಇರಬಹುದಿತ್ತು. ಜ್ವರ ಎನ್ನಬಹುದಿತ್ತು. ನಾನು ಸಂತೆಗೆ ಹೋದೆ.

ಬಸ್ಸಿನಲ್ಲಿ ಹತ್ತು ಸಲ ಚೀಲ ಬಿಚ್ಚಿ ನೋಡಿದೆ. ಮಣ್ಣು ಉದುರುತ್ತಿತ್ತು. ಶಿರಾಳಕೊಪ್ಪದಲ್ಲಿ ಇಳಿದು ವಾಪಸ್ ಬಸ್ಸು ಹಿಡಿಯೋಣ ಎಂದು ಎದ್ದೂ ನಿಂತಿದ್ದೆ. ಕೂತೆ.

“ಬನ್ನಿ ಮೇಷ್ಟ್ರೇ, ಕೂತ್ಕಳಿ,” ಎಂದರು ಸಾಹೇಬರು. ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಅವರ ಗಡ್ಡೆ ಹರಡಿದ್ದರು. ದುಂಡಗೆ, ಕೆಂಪು ಸಿಪ್ಪೆಯವು. ಪಕ್ಕದಲ್ಲಿ ನನ್ನ ಚೀಲ ಸುರಿದೆ.

ನನ್ನವು ಬಿಳಿ!

ಬೀಜದ ಗಡ್ಡೆ ಕೆಂಪಿತ್ತು. ನನ್ನ ಹನ್ನೊಂದೂ ಕೆಂಪಿದ್ದವು. ಎರಡು ತಿಂಗಳು ಕೆದರಿ ಕೆದರಿ ನೋಡಿದವನಿಗೆ ಗಾತ್ರವೊಂದೇ ಕಂಡಿತ್ತು, ಬಣ್ಣ ಕಂಡಿರಲಿಲ್ಲ.

ಸಾಹೇಬರ ಹೆಂಡತಿ ಖಾತೂನ್‌ಬಿ ಒಂದು ಗಡ್ಡೆ ಎತ್ತಿಕೊಂಡು, ಹೆಬ್ಬೆರಳಿನಿಂದ ಮಣ್ಣು ಒರೆಸಿ, ಮೆಲ್ಲಗೆ ಅಲ್ಲೇ ಇಟ್ಟು ಚಹಾ ಮಾಡಲು ಒಳಗೆ ಹೋದರು. ಸಾಹೇಬರು ನನ್ನ ಮುಖ ನೋಡಲಿಲ್ಲ.

“ಶಿಕಾರಿಪುರದ ಮಣ್ಣಿಗೆ ಬಣ್ಣಾನೂ ಬದಲಾಗ್ತದೇನೋ,” ಎಂದರು.

ನಾಲ್ಕು ಬೈದಿದ್ದರೆ ಎಷ್ಟೋ ಹಗುರವಿತ್ತು. ಕೂತಲ್ಲಿ ಕೂರಲಾಗದೆ, ಕೈ ತೊಳೆಯುವ ನೆಪದಲ್ಲಿ ಅವರ ಹಿತ್ತಲಿಗೆ ಹೋದೆ. ನಾಲ್ಕು ಸಾಲಿನ ಪಾತಿ. ಎರಡು ಸಾಲು ಈಗಷ್ಟೇ ಕಿತ್ತದ್ದು. ಇನ್ನೆರಡರಲ್ಲಿ ಕೊತ್ತಂಬರಿ ಸೊಪ್ಪು ಗೇಣು ಎತ್ತರ ಬೆಳೆದಿತ್ತು.

“ಇಲ್ಲಿ ಆಲೂಗಡ್ಡೆ ಹಾಕಿರಲಿಲ್ವಾ?” ಹಿಂದೆಯೇ ಬಂದಿದ್ದ ಸಾಹೇಬರನ್ನು ಕೇಳಿದೆ.

“ಹಾಕಿದ್ದೆ. ನಿಮ್ಮದು ಹೂ ಬಿಟ್ಟದೆ ಅಂತ ಕಾರ್ಡು ಬಂತಲ್ಲ, ಒಂದೇ ಬುಟ್ಟಿ ಬೀಜ, ನಮ್ಮದಕ್ಕೆ ಏನೋ ರೋಗ ಬಡಿದದೆ ಅಂದ್ಕಂಡು ಕಿತ್ತುಬಿಟ್ಟೆ. ಕಿತ್ತ ಮೇಲೆ ನೋಡಿದ್ರೆ ಬುಡದಲ್ಲಿ ಗೋಲಿಯಷ್ಟು ಗಾತ್ರದವು ಕಚ್ಚಿದ್ವು. ಉಳಿದೆರಡು ಸಾಲಿಗೆ ಇವಳು ಅಡ್ಡ ನಿಂತ್ಲು. ‘ಇದು ನಂದು, ಮುಟ್ಟಬೇಡಿ’ ಅಂದ್ಲು.” ಆಮೇಲೆ ಹೇಳಿದರು, “ಮಗಳ ನಿಶ್ಚಯದ ಊಟಕ್ಕೆ ಮನೇದೇ ಆಲೂಗಡ್ಡೆ ಹಾಕ್ತೀನಿ ಅಂತ ಬೀಗರಿಗೆ ಹೇಳಿದ್ದೆ. ಈಗ ಸಾಲಲ್ಲ.”

ಹೇಳಿಬಿಟ್ಟೆ. ಕೆದರಿದ್ದು, ಹಳದಿ ಗಿಡ, ಹನ್ನೊಂದು ಗಡ್ಡೆ, ಸಂತೆ, ಎಲ್ಲ. ಪಾಠ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ ನಿಂತು ಹೇಳಿದೆ.

“ಸಂತೇದು ಅಂತ ಆಗಲೇ ಗೊತ್ತಾಯ್ತು ಬಿಡಿ,” ಎಂದರು ಸಾಹೇಬರು. “ಕಾರ್ಡೂ ಹಂಗೇ ಅಂತ ಗೊತ್ತಿರಲಿಲ್ಲ.”

ಮಧ್ಯಾಹ್ನದ ಊಟಕ್ಕೆ ಖಾತೂನ್‌ಬಿ ನಾನು ತಂದ ಗಡ್ಡೆಯನ್ನೇ ಪಲ್ಯ ಮಾಡಿದರು. ತಮ್ಮ ಕೆಂಪು ಗಡ್ಡೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಒಳಗಿಟ್ಟರು. ಪ್ರತಿ ಸಲ ಬಸ್ ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದುಕೊಡುವ ಸಾಹೇಬರು ಈ ಸಲ ಬಾಗಿಲಲ್ಲೇ ನಿಂತರು.

ಸೋಮವಾರ ಕ್ಷಮೆ ಕೇಳಿ ಕಾರ್ಡು ಹಾಕಿದೆ. ಮಂಗಳವಾರ, ಬುಧವಾರ ಕ್ಲಾಸು ಬಿಟ್ಟು ಎರಡೆರಡು ಸಲ ಪೋಸ್ಟಾಫೀಸಿಗೆ ಹೋಗಿ ಬಂದೆ. (ಹೇಳಿದೆನಲ್ಲ, ಕಾಯಲು ಬರುವುದಿಲ್ಲ.) ಗುರುವಾರ ಉತ್ತರ ಬಂತು. ಮೂರೇ ಸಾಲು. ‘ಕಾರ್ಡು ತಲುಪಿತು. ಹನ್ನೊಂದು ಗಡ್ಡೆ ಎಂದು ನೆನೆಸಿಕೊಂಡು ಮನೆಯವರು ಇನ್ನೂ ನಗುತ್ತಾರೆ. ನನಗೆ ಇನ್ನೂ ನಗು ಬಂದಿಲ್ಲ, ನಿಶ್ಚಯಕ್ಕೆ ಮಾತ್ರ ತಪ್ಪದೆ ಬನ್ನಿ.’

ಹೋಗುತ್ತೇನೆ. ಬರಿಗೈಯಲ್ಲಿ ಹೋಗುವುದೋ, ಹೇಗೋ, ಇನ್ನೂ ತಿಳಿಯುತ್ತಿಲ್ಲ.

ನಾವೆಲ್ಲ ಇಂಥ ಕಾಗದ ಬರೆಯುತ್ತಲೇ ಇರುತ್ತೇವೆ, ಅಲ್ಲವೇ? ಮಗ ಕ್ಲಾಸಿಗೇ ಫಸ್ಟು, ಸೊಸೆ ಚಿನ್ನ, ಮನೆಯಲ್ಲಿ ಎಲ್ಲರೂ ಕ್ಷೇಮ.

ಆ ಕಾಗದ ಓದಿದವರು ತಮ್ಮ ಮನೆಯಲ್ಲಿ ಏನನ್ನು ಕಿತ್ತುಹಾಕಿದರೆಂದು ಯಾವತ್ತಾದರೂ ವಿಚಾರಿಸಿದ್ದೀರಾ?