ಬೆರಳಿನ ಹಿಂಬದಿ

ನಮ್ಮ ಯಜಮಾನರನ್ನು ಬಡಾವಣೆಯವರೆಲ್ಲ ಕೂಲಿಂಗಣ್ಣ ಎಂದೇ ಕರೆಯುವುದು. ಎ.ಸಿ. ರಿಪೇರಿ ಮಾಡುವವರಲ್ಲವೇ, ಅದಕ್ಕೆ. ಮನುಷ್ಯ ಮಾತ್ರ ಕೂಲಿಂಗ್ ಅಲ್ಲವೇ ಅಲ್ಲ. ಕೋಪ ಸದಾ ಮೂಗಿನ ತುದಿಯಲ್ಲಿ. "ಫಿಲ್ಟರ್ ತೊಳೀದೆ ಗ್ಯಾಸ್ ಖಾಲಿ ಅಂತೀರಲ್ಲ! ಮೂಗಿಗೆ ಬಟ್ಟೆ ತುರುಕಿ ಓಡು ಅಂದ್ರೆ ನೀವು ಓಡ್ತೀರಾ?" ಎಂದು ಗಿರಾಕಿಗಳಿಗೇ ಬೈದು ಬರುತ್ತಿದ್ದರು. ಬೈಸಿಕೊಂಡವರೇ ಮತ್ತೆ ಫೋನ್ ಮಾಡುತ್ತಿದ್ದರು. ಕೆಲಸ ಅಷ್ಟು ಅಚ್ಚುಕಟ್ಟು.

ಮೇನ್ ಆಫ್ ಮಾಡದೆ ಒಂದು ಸ್ಕ್ರೂ ಮುಟ್ಟುವವರಲ್ಲ. ಫಿಲ್ಟರ್ ತೊಳೆದು, ಕಾಯಿಲ್ ಉಜ್ಜಿ, ನೀರು ಹೋಗುವ ಪೈಪಿನ ಪಾಚಿ ತೆಗೆದು, ಎಲ್ಲ ಜೋಡಿಸಿ ಕರೆಂಟ್ ಕೊಟ್ಟ ಮೇಲೆ ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ಬೆರಳಿನ ಹಿಂಬದಿಯಿಂದ ಎ.ಸಿ.ಯ ತಗಡನ್ನು ಸವರಿ ನೋಡುವರು. ಅಂಗೈಯಲ್ಲಿ ಮುಟ್ಟಿದರೆ ಕರೆಂಟು ಕೈಯನ್ನು ಹಿಡಿದುಕೊಳ್ಳುತ್ತದೆ, ಹಿಂಬದಿಯಲ್ಲಾದರೆ ಕೈ ತಾನೇ ಹಿಂದೆ ಬರುತ್ತದೆ ಎಂದು ಅವರ ಗುರು ಕಲಿಸಿದ್ದರಂತೆ. ಜೇಬಿನಲ್ಲಿ ಟೆಸ್ಟರ್ ಇದೆಯಲ್ಲ ಎಂದರೆ, "ಕೈಗಿಂತ ಟೆಸ್ಟರ್ ಹೆಚ್ಚಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಆ ಕೈಗೇ ಸಕ್ಕರೆ ಕಾಯಿಲೆ ಬಡಿಯಿತು. ಒಂದು ಬೆಳಿಗ್ಗೆ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಒಲೆಯಿಂದ ಇಳಿಸಿ, ಏನೂ ಆಗದವರಂತೆ ಮಾತು ಮುಂದುವರಿಸಿದರು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಹೋದ ಸ್ಪರ್ಶ ವಾಪಸ್ ಬರಲ್ಲಮ್ಮ," ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ಯಜಮಾನರಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಸ್ವಲ್ಪ ಜೋಮು, ಮಾತ್ರೆ ತಗೊಂಡ್ರೆ ಹೋಗುತ್ತೆ ಎಂದುಕೊಂಡಿದ್ದರು ಪಾಪ. ಆ ಕೆಲಸ ಬಿಟ್ಟರೆ ಬೇರೇನೂ ಬಾರದ ಜನ.

ಮನೆಯಲ್ಲಿ ಬೇಜಾರು ಎಂದು ನೆಪ ಹೇಳಿ ನಾನೂ ಜೊತೆಗೆ ಹೊರಟೆ. ಅವರು ಕೈ ತೊಳೆಯಲು ಹೋದಾಗ ಒಂದೊಂದೇ ಸ್ಕ್ರೂ ಮುಟ್ಟಿ ನೋಡುವುದು, ಸಡಿಲ ಇದ್ದರೆ ಬಿಗಿ ಮಾಡುವುದು. ಸಡಿಲವೇ ಇರುತ್ತಿತ್ತು. ಅವರಿಗೆ ಗೊತ್ತಾಗದಿದ್ದರೆ ಸಾಕು ಎಂದು ದಿನ ದೂಡುತ್ತಿದ್ದೆ.

ಹಾಗೇ ಒಂದು ದಿನ ನಮ್ಮ ಬಡಾವಣೆಯ ಟೀಚರಮ್ಮನ ಮನೆಗೆ ಸರ್ವೀಸಿಗೆ ಹೋದೆವು. ಅವರ ಅತ್ತೆ ಹಾಸಿಗೆ ಹಿಡಿದಿದ್ದರು. ತಲೆದಿಂಬಿನ ಪಕ್ಕದ ಕಿಟಕಿಯಲ್ಲೇ ಎ.ಸಿ., ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಜ್ಜಿಯನ್ನು ಹೊರಗಿನ ಕೋಣೆಯಲ್ಲಿ ಕೂರಿಸಿದರು. ಸೊಂಟದೆತ್ತರದ ಕೆಲಸ, ಬೇಗ ಮುಗಿಯಿತು. ಯಜಮಾನರು ಕರೆಂಟ್ ಕೊಟ್ಟು, ತಗಡನ್ನು ಸವರಿ, "ಏನೂ ಇಲ್ಲ, ಅಜ್ಜೀನ ಮಲಗಿಸ್ಕೊಳ್ಳಿ" ಎಂದರು.

ಕೊನೆಗೆ ಧೂಳು ಒರೆಸುತ್ತಿದ್ದ ನನ್ನ ಬೆರಳು ಒಂದು ಮೂಲೆಗೆ ತಾಗಿತು. ಜುಂ ಎಂದು ಮೊಣಕೈವರೆಗೂ ಹತ್ತಿತು. ಅಜ್ಜಿಯನ್ನು ಹಿಡಿದುಕೊಂಡು ಟೀಚರಮ್ಮ ಆಗಲೇ ಬಾಗಿಲಲ್ಲಿದ್ದರು. ಸುಮ್ಮನಿರುವ ಹಾಗಿರಲಿಲ್ಲ.

"ರೀ, ಮೇನ್ ಆಫ್ ಮಾಡಿ. ಶಾಕ್ ಹೊಡೀತಿದೆ."

"ನಿನ್ ತಲೆ! ಒದ್ದೆ ಕೈಲಿ ಮುಟ್ಟಿರ್ತೀಯ," ಎನ್ನುತ್ತ ಮತ್ತೆ ಬೆರಳ ಹಿಂಬದಿಯಿಂದ ಸವರಿದರು. ಅದೇ ಮೂಲೆಯನ್ನು. ನಿಧಾನವಾಗಿ, ಇನ್ನೊಮ್ಮೆ. ಅವರ ಕೈ ಹಿಂದೆ ಬರಲೇ ಇಲ್ಲ.

ಆಮೇಲೆ ಜೇಬಿನಿಂದ ಟೆಸ್ಟರ್ ತೆಗೆದು ಆ ಮೂಲೆಗೆ ಒತ್ತಿ ಹಿಡಿದರು. ಅದರ ದೀಪ ಕೆಂಪಗೆ ಹತ್ತಿತು.

ಮೇನ್ ಆಫ್ ಮಾಡಿ ಬಿಚ್ಚಿ ನೋಡಿದರೆ, ಜೋಡಿಸುವಾಗ ತಗಡಿನ ಅಂಚಿಗೆ ಸಿಕ್ಕಿ ಒಂದು ವೈರಿನ ಮೈ ಸುಲಿದಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ತ್ ವೈರಿನ ಸ್ಕ್ರೂ ಬಿಗಿಯಾಗದೆ ಸುಮ್ಮನೆ ಕೂತಿತ್ತು. ಎರಡೂ ಅವರದೇ ಕೈಕೆಲಸ. ಹಾಳಾದ ವೈರ್ ಬದಲಾಯಿಸುವಷ್ಟರಲ್ಲಿ ಬೆವರು ಇಳಿಯಿತು. ಸ್ಕ್ರೂ ಎರಡು ಸಲ ಬೆರಳಿನಿಂದ ಜಾರಿ ಬಿತ್ತು. ಮೂರನೆಯ ಸಲ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾನು ಸ್ಕ್ರೂ ಕೂರಿಸಿ, ತಿರುಗಿಸಿ, ಕೊನೆಯಲ್ಲೊಂದು ಒತ್ತು ಕೊಟ್ಟು ಬಿಗಿ ಮಾಡಿದೆ. ಅವರು ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಚೆನ್ನಾಗಿ ಪಳಗಿದೀಯಲ್ಲೇ," ಎಂದರು ಮೆಲ್ಲಗೆ. "ಯಾವಾಗಿಂದ ನನ್ ಹಿಂದೆ ಹಿಂದೆ ಬಿಗಿ ಮಾಡ್ಕೊಂಡ್ ಬರ್ತಿದೀಯ?"

ಇದೇ ಮೊದಲು ಎಂದುಬಿಡಬಹುದಿತ್ತು. "ನೀವು ಬರಿಗೈಲಿ ಪಾತ್ರೆ ಇಳಿಸಿದ್ರಲ್ಲ, ಆವತ್ತಿಂದ," ಎಂದು, ಡಾಕ್ಟರು ಹೇಳಿದ್ದನ್ನೂ ಹೇಳಿಬಿಟ್ಟೆ.

ಟೆಸ್ಟರ್ ಹಿಡಿದು ಮೂಲೆ ಮೂಲೆಯನ್ನೂ ನೋಡಿದ ಮೇಲೆಯೇ ಅವರು ಅಜ್ಜಿಯನ್ನು ಒಳಗೆ ಬಿಟ್ಟದ್ದು. ಟೀಚರಮ್ಮ ಒಳ್ಳೆಯವರು, "ಮುಂದಿನ ಸರ್ವೀಸಿಗೂ ನೀವೇ ಬರ್ಬೇಕು ಕೂಲಿಂಗಣ್ಣ" ಎಂದರು.

"ಬೇರೆ ಯಾರನ್ನಾದ್ರೂ ಕರೀರಿ ಟೀಚರಮ್ಮ," ಎಂದರು ನನ್ನ ಯಜಮಾನರು. "ನನಗೆ ಇನ್ನು ಗೊತ್ತಾಗಲ್ಲ."