ಪೊರೆ ನೋಡಿ ಹೆಸರು ಹೇಳುವಾಕೆ

ಬೆಳಗಿನ ಆರೂಕಾಲು. ಪೊರೆಯಕ್ಕ ಮಗಳ ತಲೆ ಬಾಚುತ್ತಿದ್ದಾಳೆ. ಒಂದು ಜಡೆ ಮುಗಿದು ರಿಬ್ಬನ್ ಬಿಗಿದಾಗಿದೆ. ಇನ್ನೊಂದರ ಮೂರು ಎಳೆ ಬೆರಳಲ್ಲಿರುವಾಗಲೇ ಫೋನು ಹೊಡೆದುಕೊಳ್ಳುತ್ತದೆ. ಅವಳು ಕೆಲಸ ಮಾಡುವ ಸಾಕುಪ್ರಾಣಿ ಅಂಗಡಿಯ ಯಜಮಾನರು. ಅರವತ್ತಮೂರನೇ ಡಬ್ಬಿಯ ಜೇಡ ಅಂಗಾತ ಬಿದ್ದು ಸತ್ತಿದೆ, ಬಂದು ಎತ್ತಿ ಬಿಸಾಕಿ ಡಬ್ಬಿ ತೊಳೆದಿಡಬೇಕಂತೆ.

"ಮುಟ್ಟಬೇಡಿ ಸಾರ್. ಸತ್ತ ಜೇಡ ಕಾಲು ಮಡಚ್ಕೊಂಡು ಮುದುರ್ಕೊಳ್ಳುತ್ತೆ. ಅಂಗಾತ ಮಲಗಿದೆ ಅಂದ್ರೆ ಪೊರೆ ಬಿಡ್ತಿದೆ. ಬಂದೆ."

ಅಂದವಳೇ ಚಪ್ಪಲಿ ಮೆಟ್ಟುತ್ತಾಳೆ. ಶನಿವಾರ, ಸ್ಕೂಲಿಗೆ ರಜೆ. ರಾತ್ರಿ ಪಾಳಿಗೆ ಹೋದ ಗಂಡ ಇನ್ನೂ ಮನೆ ಸೇರಿಲ್ಲ. ಎಂಟು ವರ್ಷದ ಮಗಳು ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು ಹೊತ್ತುಕೊಂಡು, ಸ್ಕೂಲ್ ಬ್ಯಾಗನ್ನು ಹೆಗಲಿಗೇರಿಸಿ ಅಮ್ಮನ ಹಿಂದೆ ಓಡುತ್ತಾಳೆ. ಅರ್ಧ ಜಡೆಯಲ್ಲಿ ಮಗುವನ್ನು ಬೀದಿಗಿಳಿಸುವಾಗ ತಾಯಿಗೆ ಏನಾಗುತ್ತದೆಂದು ನನಗೆ ಗೊತ್ತು. ಪಕ್ಕದ ಮನೆಯವಳಾದ ನಾನು ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಅವರ ಹಿಂದೆಯೇ ಅಂಗಡಿಗೆ ಹೊರಡುತ್ತೇನೆ.

ಟರಾಂಟುಲಾ ಎಂದರೆ ಅಂಗೈಯಗಲದ, ಮೈತುಂಬ ರೋಮದ ಜೇಡ. ನಾಯಿ, ಬೆಕ್ಕಿನಂತೆ ಅದನ್ನೂ ಅಕ್ಕರೆಯಿಂದ ಸಾಕುವವರಿದ್ದಾರೆ. ಅಂಗಡಿಯ ಹಿಂದಿನ, ಕಿಟಕಿಯಿಲ್ಲದ ಕೋಣೆಯಲ್ಲಿ ಅಂಥ ಜೇಡಗಳ ಇನ್ನೂರ ಹನ್ನೆರಡು ಡಬ್ಬಿಗಳಿವೆ. ದಿನವೂ ಅಷ್ಟಕ್ಕೂ ನೀರಿಡುವುದು, ಮೂವತ್ತು ಮೂವತ್ತೈದು ಜೇಡಗಳನ್ನು ಭೂತಗನ್ನಡಿಯಲ್ಲಿ ನೋಡಿ ಯಾವ ಜಾತಿ, ಗಂಡೋ ಹೆಣ್ಣೋ ಎಂದು ಚೀಟಿ ಬರೆಯುವುದು ಪೊರೆಯಕ್ಕನ ಕೆಲಸ. ಹೆದರಿದ ಜೇಡ ಬೆನ್ನಿನ ರೋಮವನ್ನು ಹಿಂಗಾಲಿನಿಂದ ಕೆರೆದು ಗಾಳಿಗೆ ತೂರುತ್ತದೆ. ಒಮ್ಮೆ ಅದು ಕಣ್ಣಿಗೆ ಹೊಕ್ಕು ಇಪ್ಪತ್ತು ದಿನ ಕಣ್ಣು ಕೆಂಡವಾಗಿತ್ತು. ಯಜಮಾನರು ಆಗ ಹೇಳಿದ್ದು, ಗುಡಿಸುವಾಗ ನೋಡಿಕೊಂಡು ಗುಡಿಸಬೇಕಮ್ಮ ಎಂದು.

ಗುಡಿಸುವಾಗ. ಆ ಮಾತೇ ನನ್ನ ಹೊಟ್ಟೆ ಉರಿಸುವುದು. ಅಂಗಡಿಯ ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ ಇವತ್ತಿಗೂ 'ಕಸ ಗುಡಿಸುವವರು'. ಹನ್ನೊಂದು ವರ್ಷದ ಹಿಂದೆ ಅವಳು ಬಂದದ್ದು ಅದಕ್ಕೇ, ನಿಜ. ಗುಡಿಸುವಾಗ ಸಿಕ್ಕ ಪೊರೆಗಳನ್ನು ಎಸೆಯಲು ಮನಸ್ಸಾಗದೆ, ಡಬ್ಬಿಯ ನಂಬರು, ತಾರೀಖು ಬರೆದು ಬೆಂಕಿಪೊಟ್ಟಣಗಳಲ್ಲಿ ಎತ್ತಿಟ್ಟಳು. ಈಗ ಅವಳ ಮಂಚದ ಕೆಳಗೆ ಅಂಥ ನಾನೂರು ಪೊಟ್ಟಣಗಳಿವೆ; ಪೊರೆಯಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಒಂದೇ ಜೇಡ ಮರಿಯಾಗಿದ್ದಾಗ ಹೇಗಿತ್ತು, ಪೊರೆ ಬಿಡುವ ಮುಂಚೆ ಬಣ್ಣ ಹೇಗೆ ಮಂಕಾಯಿತು, ಬಿಟ್ಟ ಮೇಲೆ ಏನಾಯಿತು, ಎಲ್ಲವನ್ನೂ ಅವಳು ಕಲಿತದ್ದು ಆ ಕಸದಿಂದಲೇ. ಹೆಸರಾಂತ ಜೇಡತಜ್ಞರು ಎಂದು ಅಂಗಡಿಯ ಬೋರ್ಡಿನ ಮೇಲಿರುವುದು ಮಾತ್ರ ಯಜಮಾನರ ಫೋಟೋ.

"ಬಣ್ಣ ನಂಬಬಾರದು ಕಣಕ್ಕ," ಎನ್ನುತ್ತಾಳೆ ಅವಳು. "ನಮ್ಮ ಮುಖ ಜ್ವರ ಬಂದಾಗ ಬೇರೆ, ಮದುವೆ ಮನೇಲಿ ಬೇರೆ ಇರಲ್ವಾ? ಹಾಗೇ."

ಹೋದ ತಿಂಗಳ ರಾದ್ಧಾಂತವೂ ಬಣ್ಣದ್ದೇ. ಒಂದು ಜಾತಿಯ ಮರಿ ಹುಟ್ಟುವಾಗ ಅಚ್ಚ ನೀಲಿ. ಬೆಳೆದಂತೆ ನೀಲಿ ಹೋಗಿ ಬೆನ್ನು ಹಸಿರು, ಹೊಟ್ಟೆ ಕೆಂಪು, ಕಾಲಿನ ತುದಿ ಗುಲಾಬಿ. ಪೊರೆಯಕ್ಕ ಚೀಟಿಯಲ್ಲಿ 'ಮರಿಬಣ್ಣ, ಮುಂದೆ ಬದಲಾಗುತ್ತದೆ' ಎಂದು ಸ್ಪಷ್ಟವಾಗಿ ಬರೆದಿದ್ದಳು. ಯಜಮಾನರು ಅದನ್ನು ಕಿತ್ತು, 'ಅಪರೂಪದ ನೀಲಿ ತಳಿ' ಎಂದು ಹೊಸದು ಅಂಟಿಸಿದರು. ಕೊಂಡ ಡ್ರಾಯಿಂಗ್ ಮೇಷ್ಟರ ಮನೆಯಲ್ಲಿ ಅದು ಮೂರು ಪೊರೆ ಬಿಟ್ಟು ಹಸಿರಾಯಿತು. ಮೇಷ್ಟರು ಜಗಳಕ್ಕೆ ಬಂದಾಗ ಯಜಮಾನರು ಹಿಂದಿನ ಕೋಣೆಯತ್ತ ಕೈ ತೋರಿಸಿ, ಕಸದವಳು ಡಬ್ಬಿ ಅದಲುಬದಲು ಮಾಡಿಬಿಟ್ಟಿದ್ದಾಳೆ, ಓದು ಬರಹ ಅಷ್ಟಕ್ಕಷ್ಟೇ ಎಂದರು. ಸರಿಯಾದರೆ ತಜ್ಞರು, ತಪ್ಪಾದರೆ ಕಸದವಳು. ಯಾವ ಬಾಯಿಂದ ಹೀಗೆ ಹೇಳುತ್ತಾರೋ.

"ನೀನು ಸುಮ್ಮನಿದ್ದೆಯಾ?" ಎಂದು ನಾನು ಕೇಳುತ್ತೇನೆ.

"ಪುಸ್ತಕದಲ್ಲಿ ಕಸ ಅಂತಿದ್ರೆ ಜೇಡದ ಬಗ್ಗೆ ಮಾತಾಡೋಕೆ ನಾನ್ಯಾರು? ಅದೊಂದು ಮಾತು ತಿದ್ದಿ ಬರೆದುಬಿಟ್ರೆ ಸಾಕು. ಆಮೇಲೆ ನನ್ನ ತಪ್ಪಿಗೆ ನಾನೇ ನಿಂತು ಜವಾಬು ಕೊಡ್ತೀನಿ. ಅವರ ತಪ್ಪಿಗಲ್ಲ."

ಮಗಳ ಬ್ಯಾಗಿನಲ್ಲೂ ಅದೇ ಮಾತು ಕೂತಿದೆ. ಸ್ಕೂಲಿನವರು ಕೊಟ್ಟ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬ ಜಾಗ ಒಂದು ವಾರದಿಂದ ಖಾಲಿ. ಕಸ ಗುಡಿಸೋದು ಅಂತ ಬರಿ ಪುಟ್ಟಿ, ಅದರಲ್ಲೇನು ನಾಚಿಕೆ ಎಂದು ಅಮ್ಮ ಹೇಳಿಯಾಗಿದೆ. ಮಗು ಬರೆದಿಲ್ಲ, ಏಕೆಂದೂ ಹೇಳಿಲ್ಲ. ಸೋಮವಾರ ಕೊಡಬೇಕು.

ಅರವತ್ತಮೂರನೇ ಡಬ್ಬಿಯ ಮುಂದೆ ಮೂವರೂ ಕೂತಿದ್ದೇವೆ. ಯಜಮಾನರ ಕೈಗೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಕಸದ ಬುಟ್ಟಿಯಲ್ಲಿರುತ್ತಿದ್ದ ಜೇಡ, ಬಿಗಿಯಾದ ಕೈಗವಸು ಕಳಚುವಂತೆ ಒಂದೊಂದೇ ಕಾಲನ್ನು ಹೊರಗೆಳೆಯುತ್ತಿದೆ. ಎಂಟೂವರೆಗೆ ಮಗುಚಿ ನಿಲ್ಲುತ್ತದೆ. ಕಾಡಿಗೆಯಷ್ಟು ಕಪ್ಪು ಮೈ, ಮಂಡಿಗಳ ಮೇಲೆ ಬೆಂಕಿಯಂಥ ಕೆಂಪು. ಪೊರೆಯಕ್ಕ ಚಿಮಟದಲ್ಲಿ ಪೊರೆಯನ್ನು ಮೆಲ್ಲನೆ ಎತ್ತಿ, ಒದ್ದೆ ಕುಂಚದಿಂದ ಹೊಟ್ಟೆಯ ಭಾಗವನ್ನು ಬಿಡಿಸಿ, ಭೂತಗನ್ನಡಿ ಹಿಡಿಯುತ್ತಾಳೆ. ಅಲ್ಲಿ ಅಕ್ಕಿನುಚ್ಚಿಗಿಂತ ಚಿಕ್ಕದಾದ ಒಂದು ಮಡಿಪು, ಹೆಣ್ಣಿನ ಪೊರೆಯಲ್ಲಿ ಮಾತ್ರ ಇರುವಂಥದ್ದು. ಹೆಣ್ಣು. ಚೀಟಿ ಬರೆದು ಯಜಮಾನರಿಗೆ ಕೊಡುತ್ತಾಳೆ.

ಒಂಬತ್ತೂವರೆಗೆ ಜೇಡ ಕೊಳ್ಳಲು ಬಂದ ದಂಪತಿಯ ಮುಂದೆ ಯಜಮಾನರು ಆ ಚೀಟಿಯನ್ನು ಓದಿ ಮಡಚಿ ಜೇಬಿಗಿಳಿಸುತ್ತಾರೆ. "ಈಗಷ್ಟೇ ನಾನೇ ಪರೀಕ್ಷೆ ಮಾಡ್ದೆ. ಹೆಣ್ಣು. ಕಣ್ಣು ಪಳಗಿರಬೇಕು ನೋಡಿ, ಎಲ್ಲರಿಗೂ ಗೊತ್ತಾಗಲ್ಲ."

ಪೊರೆಯಕ್ಕ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಾಳೆ, ತಲೆ ಎತ್ತುವುದಿಲ್ಲ. ಮೂಲೆಯ ಸ್ಟೂಲಿನಲ್ಲಿ ನಾನು ಮಗುವಿನ ಎರಡನೇ ಜಡೆ ಹಾಕುತ್ತಿದ್ದೇನೆ. ಕೂದಲು ನನ್ನ ಬೆರಳಿಂದ ಜಾರುತ್ತದೆ. ಮಗು ಎದ್ದು, ಬ್ಯಾಗಿನಿಂದ ಅರ್ಜಿ ಮತ್ತು ಪೆನ್ಸಿಲ್ ತೆಗೆದು, ದಂಪತಿಯ ನಡುವೆ ನುಸುಳಿ, ಕೌಂಟರಿನ ಮೇಲೆ ಅರ್ಜಿಯನ್ನು ಸುಕ್ಕಿಲ್ಲದಂತೆ ಹರಡುತ್ತದೆ. ಖಾಲಿ ಜಾಗದ ಮೇಲೆ ಬೆರಳಿಡುತ್ತದೆ.

"ಅಂಕಲ್, ಇಲ್ಲಿ ನಮ್ಮಮ್ಮನ ಕೆಲಸ ಏನಂತ ಬರೀಲಿ?"